ಮೂರು ವರ್ಷ, ಒಂದು ದಿನ ಮತ್ತು ಒಂದು ಅಫಿಡವಿಟ್

ಕಳೆದ ತಿಂಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಉಲ್ಮ್ ಕಡೆಗೆ ಕಾರಿನಲ್ಲಿ ಹೊರಟಿದ್ದೆ. ಪೆಟ್ರೋಲ್ ಬಂಕ್ ಹತ್ತಿರ ಒಬ್ಬ ಹುಡುಗ ಕೈ ಅಡ್ಡ ಹಾಕಿದ. ಅಗಲವಾದ ಕರಿ ಟೋಪಿ, ಪಾದದ ಹತ್ತಿರ ಗಂಟೆಯ ಹಾಗೆ ಅರಳಿದ ಕಾರ್ಡುರಾಯ್ ಪ್ಯಾಂಟು, ಕಿವಿಗೆ ಓಲೆ, ಕೈಯಲ್ಲಿ ತಿರುಚಿಕೊಂಡ ದೊಣ್ಣೆ. ಊರಲ್ಲಾಗಿದ್ದರೆ ನಾಟಕದವನು ಅಂದುಕೊಳ್ಳುತ್ತಿದ್ದೆ. ಇಲ್ಲಿ ಏಳು ವರ್ಷ ಕಳೆದಿರೋದರಿಂದ ಗೊತ್ತಾಯಿತು, ಬಡಗಿ. ಹತ್ತಿಸಿಕೊಂಡೆ.

ಇವನ ಈ ತಿರುಗಾಟಕ್ಕೆ ಜರ್ಮನಿಯಲ್ಲಿ ವಾಲ್ಟ್ಸ್ ಅಂತಾರೆ. ಬಡಗಿಯೋ ಗಾರೆಯವನೋ ಕೆಲಸ ಕಲಿತು ಪರೀಕ್ಷೆ ಪಾಸಾದ ಮೇಲೆ ಮೂರು ವರ್ಷ ಒಂದು ದಿನ ಊರೂರು ಸುತ್ತುತ್ತಾನೆ. ಅಷ್ಟೂ ದಿನ ತನ್ನೂರಿನ 50 ಕಿಲೋಮೀಟರ್ ಒಳಗೆ ಕಾಲಿಡುವ ಹಾಗಿಲ್ಲ. ಮೊಬೈಲ್ ಇಲ್ಲ. ಪ್ರಯಾಣಕ್ಕೂ ಮಲಗುವ ಜಾಗಕ್ಕೂ ದುಡ್ಡು ಕೊಡಬಾರದು. ವಯಸ್ಸು 30 ದಾಟಿರಬಾರದು, ಮದುವೆಯಾಗಿರಬಾರದು, ಸಾಲ ಇರಬಾರದು. ಸುಮ್ನೆ ಸುತ್ತಾಟವಲ್ಲ ಇದು. ಹೋದಲ್ಲೆಲ್ಲ ಕೆಲಸ ಮಾಡಬೇಕು, ಬೇರೆ ಬೇರೆ ಕೈಗಳ ಕೆಳಗೆ ಕಲಿಯಬೇಕು.

ಅರ್ಧ ದಾರಿಯಲ್ಲಿ ಅವನು ಕೇಳಿದ, "ನೀವು ಓದು ಮುಗಿಸಿದ ಮೇಲೆ ಎಷ್ಟು ದಿನ ಸುತ್ತಿದಿರಿ?"

"ಶುಕ್ರವಾರ ಕೊನೆಯ ವೈವಾ. ಸೋಮವಾರ ಕೆಲಸಕ್ಕೆ ಸೇರಿದೆ. ಮಧ್ಯೆ ಎರಡು ದಿನ ಇತ್ತು."

ತಮಾಷೆ ಮಾಡುತ್ತಿದ್ದೇನೆ ಅಂತ ಜೋರಾಗಿ ನಕ್ಕ. ನಾನೂ ನಕ್ಕೆ. ಆದರೆ ಆ ನಗು ಉಲ್ಮ್‌ವರೆಗೂ ಚುಚ್ಚುತ್ತಲೇ ಇತ್ತು.

ಇಳಿಯುವ ಮುಂಚೆ ತನ್ನ ಪುಸ್ತಕ ತೋರಿಸಿದ. ವಾಂಡರ್‌ಬುಖ್ ಅಂತಾರೆ. ಹೋದ ಊರಿನ ಪುರಭವನಕ್ಕೆ ಹೋಗಿ ಊರಿನ ಮೊಹರು ಹಾಕಿಸಿಕೊಳ್ಳಬೇಕು. ಪಕ್ಕದಲ್ಲಿ ಕೆಲಸ ಕೊಟ್ಟವರು ಎರಡು ಸಾಲು ಬರೆಯುತ್ತಾರೆ. ಪುಟಪುಟಕ್ಕೂ ಕೋಟೆ, ಕರಡಿ, ಸಿಂಹದ ಚಿತ್ರವಿರುವ ಮೊಹರುಗಳು. ಅವನು ತಿರುವುತ್ತಾ ಹೋದ ಹಾಗೆ ನನಗೆ ನನ್ನ ಜೀವನದ ಏಕೈಕ ಮೊಹರು ನೆನಪಾಯಿತು. ನೋಟರಿಯದು.

ಪಿಯುಸಿ ಆದ ಮೇಲೆ ಕಾಮಾಲೆ ಬಂದು ನನಗೆ ಒಂದು ವರ್ಷ ಹೋಗಿತ್ತು. ಮರುವರ್ಷ ಕಾಲೇಜಿನವರು ಗ್ಯಾಪ್ ಅಫಿಡವಿಟ್ ತನ್ನಿ ಅಂದರು. ಅಪ್ಪ ಕೋರ್ಟಿನ ಮುಂದೆ ಟೈಪಿಸ್ಟ್ ಹತ್ತಿರ ಛಾಪಾ ಕಾಗದದ ಮೇಲೆ ಹೊಡೆಸಿದರು. ಸದರಿ ಅವಧಿಯಲ್ಲಿ ನಾನು ಬೇರೆ ಯಾವ ಕಾಲೇಜಿಗೂ ಸೇರಿಲ್ಲ, ಯಾವ ಕೆಲಸವನ್ನೂ ಮಾಡಿಲ್ಲ, ಯಾವ ಅಪರಾಧದಲ್ಲೂ ಭಾಗಿಯಾಗಿಲ್ಲ. ಅಂದರೆ ಏನೂ ಮಾಡಿಲ್ಲ ಅನ್ನೋದಕ್ಕೆ ಪ್ರಮಾಣ! ಇಲ್ಲಿ ಇವನು ಏನೇನು ಮಾಡಿದ ಅಂತ ಮೊಹರು ಹಾಕಿಸಿಕೊಂಡು ಓಡಾಡುತ್ತಾನೆ. ನಮ್ಮಲ್ಲಿ ಏನೂ ಆಗಲಿಲ್ಲ ಅಂತ ಆಣೆ ಮಾಡಿದರೆ ಮಾತ್ರ ಒಳಗೆ ಬಿಡುತ್ತಾರೆ.

ಶಾಲೆಯಲ್ಲಿ 'ದೇಶ ಸುತ್ತಿ ನೋಡು, ಕೋಶ ಓದಿ ನೋಡು' ಅನ್ನೋ ಗಾದೆ ಮೇಲೆ ಭಾಷಣ ಮಾಡಿ ನಾನು ಮೊದಲ ಬಹುಮಾನ ತಗೊಂಡಿದ್ದೆ. ಬಹುಮಾನ ಏನು ಗೊತ್ತಾ? ನಿಘಂಟು.

ಈ ಎಲ್ಲಾ ಸಿಟ್ಟಿಗೆ ಇನ್ನೊಂದು ಕಾರಣ ನಮ್ಮ ಅಣ್ಣನ ಮಗ. ಕ್ಯಾಂಪಸ್ಸಿನಲ್ಲೇ ಕೆಲಸ ಸಿಕ್ಕಿತು, ಮನೆಯಲ್ಲಿ ಸಿಹಿ ಹಂಚಿದರು. ಕಂಪನಿ ಸೇರುವ ದಿನವನ್ನು ಎರಡು ಸಲ ಮುಂದಕ್ಕೆ ಹಾಕಿತು. ಎಂಟು ತಿಂಗಳಿಂದ ಹುಡುಗ ಮನೆಯಲ್ಲಿ ಕೂತು ಮೇಲ್ ನೋಡುತ್ತಿದ್ದಾನೆ. ಈ ಮಧ್ಯೆ ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ರೈಲಿನಲ್ಲಿ ಆರು ತಿಂಗಳು ದೇಶ ನೋಡಿ ಬರುತ್ತೇನೆ ಅಂದ. ಮನೆಯಲ್ಲಿ ರಂಪ. ಅತ್ತಿಗೆ ನನಗೆ ಫೋನ್ ಮಾಡಿ, "ನೀನಾದ್ರೂ ಬುದ್ಧಿ ಹೇಳು. ರೆಸ್ಯೂಮೆಯಲ್ಲಿ ಗ್ಯಾಪ್ ಬೀಳುತ್ತೆ" ಅಂದರು.

ಎಂಟು ತಿಂಗಳು ಸೋಫಾ ಮೇಲೆ ಕೂತರೆ ಅದು ಗ್ಯಾಪ್ ಅಲ್ಲ. ಯಾಕಂದರೆ ಕೂರಿಸಿದ್ದು ಕಂಪನಿ. ಅದೇ ಹುಡುಗ ತಾನಾಗಿ ಎದ್ದು ಹೊರಟರೆ ಗ್ಯಾಪ್. ಹೊರಗಿದ್ದಾಗ ಮೇಲ್ ಬಂದುಬಿಟ್ಟರೆ ಅನ್ನೋದು ಅಣ್ಣನ ಭಯ. ಮೇಲ್ ರೈಲಿನಲ್ಲೂ ಬರುತ್ತಪ್ಪಾ ಅಂದೆ. "ನೀನು ಹೊರದೇಶದಲ್ಲಿ ಕೂತು ಏನು ಬೇಕಾದ್ರೂ ಹೇಳ್ತೀಯ" ಅಂದ.

ಅವನ ಮಾತಲ್ಲೂ ಸ್ವಲ್ಪ ನಿಜ ಇದೆ, ಇಲ್ಲ ಅನ್ನಲ್ಲ. ಎಲ್ಲಾ ಜರ್ಮನ್ನರೂ ಟೋಪಿ ಹಾಕಿಕೊಂಡು ಹೊರಡೋದಿಲ್ಲ. ವಾಲ್ಟ್ಸ್‌ಗೆ ಹೋಗುವವರು ಇಡೀ ದೇಶದಲ್ಲಿ ಕೆಲವು ನೂರು ಜನ ಅಷ್ಟೇ. ಆಫೀಸಿನಲ್ಲಿ ಈ ಕಥೆ ಹೇಳಿದಾಗ ಪಕ್ಕದ ಟೇಬಲ್ಲಿನವಳು ನಕ್ಕಳು. ರೆಸ್ಯೂಮೆಯ ಗ್ಯಾಪ್‌ಗೆ ಇವರ ಭಾಷೆಯಲ್ಲೂ ಒಂದು ಪದ ಇದೆಯಂತೆ, ಲ್ಯೂಕೆ. ಇಂಟರ್ವ್ಯೂನಲ್ಲಿ ಇವರೂ ಅದನ್ನು ಕೆದಕುತ್ತಾರಂತೆ. ಏಳು ವರ್ಷದಲ್ಲಿ ನನಗೆ ಈ ಪದ ಕಿವಿಗೆ ಬಿದ್ದೇ ಇರಲಿಲ್ಲ. ಬಿದ್ದಿದ್ದರೂ ಕೇಳಿಸಿಕೊಂಡಿರಲಿಲ್ಲವೇನೋ.

ಆಮೇಲೆ ಆ ಬಡಗಿ ಹುಡುಗನ ನಿಯಮಗಳನ್ನೇ ಇನ್ನೊಂದು ಸಲ ನೆನಪಿಸಿಕೊಂಡೆ. ಸಾಲ ಇರಬಾರದು. ನಮ್ಮ ಹುಡುಗನ ಹೆಸರಲ್ಲಿ ಎಜುಕೇಶನ್ ಲೋನ್ ಇದೆ. ಓದು ಮುಗಿದು ಒಂದು ವರ್ಷಕ್ಕೆ ಕಂತು ಶುರು. ಎಂಟು ತಿಂಗಳು ಆಗಲೇ ಹೋಗಿದೆ. ಇಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಫೀಸೇ ಹೆಚ್ಚುಕಡಿಮೆ ಇಲ್ಲ. ಇಲ್ಲಿ ಹುಡುಗರು ಬ್ಯಾಗ್ ಹೆಗಲಿಗೇರಿಸಿದಾಗ ಅದರೊಳಗೆ ಬ್ಯಾಂಕ್ ಕೂತಿರುವುದಿಲ್ಲ. ಶುಕ್ರವಾರ ವೈವಾ ಮುಗಿಸಿ ಸೋಮವಾರ ಕೆಲಸಕ್ಕೆ ಓಡಿದ ನನಗೂ ಅದೇ ಸಾಲ ಇತ್ತು. ಅದನ್ನು ಕಾರಿನಲ್ಲಿ ಆ ಹುಡುಗನಿಗೆ ಹೇಳಲಿಲ್ಲ.

ಮೊನ್ನೆ ಅಣ್ಣನಿಗೆ ಮತ್ತೆ ಫೋನ್ ಮಾಡಿದೆ. ಮೊದಲ ಆರು ಕಂತು ನಾನು ಕಟ್ಟುತ್ತೇನೆ ಅಂದೆ. ತುಂಬಾ ಹೊತ್ತು ಸುಮ್ಮನಿದ್ದ. ಸಂಜೆ ಅತ್ತಿಗೆಯ ಮೆಸೇಜ್ ಬಂತು. ಹೋಗಲಿ, ಆದರೆ ಆರು ತಿಂಗಳಲ್ಲ, ಹದಿನೈದು ದಿನ. ಲ್ಯಾಪ್‌ಟಾಪ್ ಜೊತೆಯಲ್ಲಿರಬೇಕು.