ಹತ್ತು ಡೆಸಿಬಲ್ ಕೊಸರು

ಸಂತೆಯಲ್ಲಿ ಕೊಸರು ಕೊಳ್ಳುವವನ ಹಕ್ಕು. ಸೇರು ಅಳೆದ ಮೇಲೆ ಒಂದು ಹಿಡಿ ಹಾಕದಿದ್ದರೆ ಜಗಳವೇ ಆಗುತ್ತದೆ. ಶಬ್ದದ ಸಂತೆಯಲ್ಲಿ ಮಾತ್ರ ಕೊಸರು ಗದ್ದಲ ಮಾಡುವವನಿಗೆ. ಅದನ್ನು ಸರ್ಕಾರವೇ ಅಳೆದು ಕೊಡುತ್ತದೆ.

2000ದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಹಗಲೆಂದರೆ ಬೆಳಗ್ಗೆ 6ರಿಂದ ರಾತ್ರಿ 10. ಇಷ್ಟು ಓದಿ ಖುಷಿಪಟ್ಟವರು 7ನೇ ನಿಯಮದ ತಂಟೆಗೆ ಹೋಗಬಾರದು. ಮಿತಿಯನ್ನು 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚು ಮೀರಿದರೆ ದೂರು ಕೊಡಬಹುದು ಎನ್ನುತ್ತದೆ ಅದು. ಅಂದರೆ ಮಟಮಟ ಮಧ್ಯಾಹ್ನ ಪಕ್ಕದ ಮನೆಯ ಸೌಂಡ್ ಬಾಕ್ಸ್ 64ಕ್ಕೆ ನಿಂತರೆ ಮಿತಿ ಮುರಿದದ್ದು ನಿಜ, ಆದರೆ ದೂರು ಇನ್ನೂ ಹುಟ್ಟಿಲ್ಲ. ಡೆಸಿಬಲ್ಲು ತಕ್ಕಡಿಯ ಲೆಕ್ಕವಲ್ಲ ನೋಡಿ. 10 ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ. ಸೇರಿಗೆ ಹಿಡಿ ಕೊಸರು ಕಂಡವರುಂಟು. ಸೇರಿಗೆ ಒಂಬತ್ತು ಸೇರು ಕೊಸರು ಇಲ್ಲೇ ಮೊದಲು.

ರಾತ್ರಿಯ ಮಟ್ಟಿಗೆ ನಿಯಮಕ್ಕೆ ಕೊಂಚ ಕರುಣೆಯಿದೆ. ವಸತಿ ಪ್ರದೇಶದಲ್ಲಿ 10 ಗಂಟೆಯ ಮೇಲೆ ಮೈಕು, ಹಾರ್ನು, ಪಟಾಕಿ, ಕಟ್ಟಡ ಕೆಲಸದ ಯಂತ್ರ ಸದ್ದು ಮಾಡಿದರೆ 10 ಡೆಸಿಬಲ್‌ನ ಹಂಗಿಲ್ಲದೆ ದೂರು ಕೊಡಬಹುದು. ಮೈಕಿಗೆ ಮಾತ್ರ ಒಂದು ಹಿಂಬಾಗಿಲು ಉಂಟು: ಸಭಾಂಗಣ, ಸಮುದಾಯ ಭವನ, ಔತಣದ ಹಾಲಿನಂಥ ಮುಚ್ಚಿದ ಆವರಣ, ಒಳಗಿದ್ದವರಿಗೆ ಕೇಳಿಸುವಷ್ಟಕ್ಕೆ. ಮುಚ್ಚಿದ್ದು ಎಂದರೆ ಎಷ್ಟು ಮುಚ್ಚಿರಬೇಕು? ಗೋಡೆಯ ಹತ್ತನೇ ಒಂದು ಭಾಗ ತೆರೆದ ಕಿಟಕಿಯಾದರೆ ಉಳಿದದ್ದು ಸೈಜುಗಲ್ಲೇ ಆಗಿದ್ದರೂ ಒಟ್ಟು ತಡೆ 10 ಡೆಸಿಬಲ್ ದಾಟುವುದಿಲ್ಲ. ಇನ್ನು ಮೂರು ಕಡೆ ಬಟ್ಟೆ ಕಟ್ಟಿದ ಶಾಮಿಯಾನ ಮುಚ್ಚುವುದು ಮದುಮಗನ ಬೆವರನ್ನು, ಶಬ್ದವನ್ನಲ್ಲ.

ಶಬ್ದ ಅಳೆಯುವ ಮೀಟರಿನ ಕಿವಿಯ ವಿಚಾರ ಇನ್ನೂ ಸೊಗಸು. ನಿಯಮದಲ್ಲಿರುವ ಡೆಸಿಬಲ್ಲು 'ಎ' ತೂಕದ್ದು. ಮೆಲುದನಿಯ ಶಬ್ದಗಳನ್ನು ಕಿವಿ ಹೇಗೆ ಕೇಳುತ್ತದೋ ಅದನ್ನು ನೋಡಿ ಮಾಡಿದ ತಕ್ಕಡಿ ಅದು. ಮೆಲುದನಿಯಲ್ಲಿ ಕಿವಿ ಬೇಸ್ ಅನ್ನು, ಅಂದರೆ ತಗ್ಗು ಸ್ವರದ ಗುಡುಗನ್ನು, ಅಷ್ಟಾಗಿ ಗುರುತಿಸುವುದಿಲ್ಲ, ಹಾಗಾಗಿ ಮೀಟರೂ ಬೇಸ್‌ಗೆ ಭಾರಿ ರಿಯಾಯಿತಿ ಕೊಡುತ್ತದೆ. 63 ಹರ್ಟ್ಸ್‌ನಷ್ಟು ತಗ್ಗು ಸ್ವರದಲ್ಲಿ ಆ ರಿಯಾಯಿತಿ 26 ಡೆಸಿಬಲ್. ಡಿಜೆಯ ಬೇಸ್ ನಿಮ್ಮ ಗೇಟಿನ ಬಳಿ 90 ಡೆಸಿಬಲ್ ಗುದ್ದುತ್ತಿದೆ ಎಂದುಕೊಳ್ಳಿ. 26 ಕಳೆದರೆ 64. ದೂರಿಗೆ ಬೇಕಾದದ್ದು 65. ಕಿಟಕಿಯ ಗಾಜು ನಡುಗುತ್ತಿದೆ, ಷೋಕೇಸಿನ ಲೋಟಗಳು ತಾಳ ಹಾಕುತ್ತಿವೆ, ಕಾನೂನಿನ ಕಾಗದದಲ್ಲಿ ಮಾತ್ರ ಎಲೆ ಅಲುಗಿಲ್ಲ. ಒಳ್ಳೆಯ ಮೀಟರಿನಲ್ಲಿ 'ಸಿ' ಎಂಬ ಇನ್ನೊಂದು ತೂಕವೂ ಇರುತ್ತದೆ, ಅದು 63 ಹರ್ಟ್ಸ್‌ನಲ್ಲಿ ಕಳೆಯುವುದು ಒಂದು ಡೆಸಿಬಲ್ಲಿಗಿಂತ ಕಡಿಮೆ. ಒಂದು ಗುಂಡಿ ಒತ್ತಿದರೆ ಆಯಿತು. ಆದರೆ ಡಿಜೆಗೆ ಹಚ್ಚುವ ಮಿತಿಯ ಪಟ್ಟಿಯಲ್ಲಿ ಆ ಗುಂಡಿಗೆ ಜಾಗವಿಲ್ಲ.

ಪಟ್ಟಿಯಲ್ಲಿರುವ ಅಂಕಿಗಳು ಸರಾಸರಿಗಳು ಎಂಬುದನ್ನೂ ಮರೆಯಬಾರದು. ರಾತ್ರಿಯ ಎಂಟು ಗಂಟೆಗೆ 480 ನಿಮಿಷ. 479 ನಿಮಿಷ 35 ಡೆಸಿಬಲ್‌ನ ಮೌನ, ನಡುವೆ 2 ಗಂಟೆಗೆ ಒಂದೇ ಒಂದು ನಿಮಿಷ ಎದುರುಮನೆಯ ಗೇಟು, ಬೈಕು, ಬೀಳ್ಕೊಡುಗೆ ಎಲ್ಲ ಸೇರಿ 70. ಇಡೀ ಬೀದಿ ಎದ್ದು ಕೂತಿತು, ಮಗು ಅತ್ತಿತು, ನಾಯಿಗಳು ಸಭೆ ಸೇರಿದವು. ರಾತ್ರಿಯ ಸರಾಸರಿ ಮಾಡಿ ನೋಡಿ, 44ರ ಒಳಗೇ ಬರುತ್ತದೆ. ಲೆಕ್ಕದ ಪ್ರಕಾರ ಎಲ್ಲರೂ ಸುಖನಿದ್ರೆಯಲ್ಲಿದ್ದಾರೆ.

ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂದು ಶಾಲೆಯಲ್ಲಿ ಓದಿದವರಿದ್ದಾರೆ. 2017ರ ತಿದ್ದುಪಡಿ ಬಂದ ಮೇಲೆ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸದೆ ಯಾವ ಜಾಗವೂ ನಿಶ್ಶಬ್ದ ವಲಯವಲ್ಲ. ಹಾಸಿಗೆಯಲ್ಲಿ ಮಲಗಿದ ರೋಗಿಗೆ ಮೊದಲು ಬೇಕಾದದ್ದು ಔಷಧಿಯಲ್ಲ, ರಾಜ್ಯಪತ್ರದ ಒಂದು ಪ್ರತಿ.

ಇಷ್ಟೆಲ್ಲ ದಾಟಿಯೂ ದೂರು ಬಂತೆನ್ನಿ. ಕ್ರಮ ತೆಗೆದುಕೊಳ್ಳಬೇಕಾದ ಅಧಿಕಾರಿ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು. ಸರಿಯಾಗಿ ಅಳೆಯಬೇಕಾದರೆ ಮೀಟರನ್ನು ಸ್ಟ್ಯಾಂಡಿನ ಮೇಲೆ ನೆಲದಿಂದ 1.2ರಿಂದ 1.5 ಮೀಟರ್ ಎತ್ತರದಲ್ಲಿ, ಗೋಡೆಗಳಿಂದ ಮೂರೂವರೆ ಮೀಟರ್ ದೂರದಲ್ಲಿ ಇಡಬೇಕು. ನಮ್ಮ ಬಡಾವಣೆಗಳ ಅಡ್ಡರಸ್ತೆಯಲ್ಲಿ ಎರಡೂ ಕಡೆಯ ಗೋಡೆಯಿಂದ ಅಷ್ಟು ದೂರ ಸಿಕ್ಕಿದರೆ ಅಲ್ಲಿ ಯಾರೋ ಕಾರು ನಿಲ್ಲಿಸಿರುತ್ತಾರೆ. ಮೀಟರಿನ ಮೈಕಿಗೆ ಗಾಳಿ ತಡೆಯುವ ಸ್ಪಂಜಿನ ಟೋಪಿ ಹಾಕಬೇಕು. ಅಳೆಯುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ 1000 ಹರ್ಟ್ಸ್, 94 ಡೆಸಿಬಲ್‌ನ ಕ್ಯಾಲಿಬ್ರೇಟರ್ ಕೂರಿಸಿ ಮೀಟರು ಸುಳ್ಳು ಹೇಳುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಮೊಬೈಲ್ ಆ್ಯಪ್ ಇಲ್ಲಿ ಸೋಲುವುದು ಇದಕ್ಕೇ. ಒಂದೊಂದು ಫೋನು ಒಂದೊಂದು ಅಂಕಿ ಹೇಳುತ್ತದೆ, ಜೋರು ಸದ್ದಿಗೆ ಅದರ ಮೈಕೇ ಸುಸ್ತಾಗುತ್ತದೆ. ಆದರೂ ಸದ್ದು ಶುರುವಾದ ಹೊತ್ತು, ನಿಂತ ಹೊತ್ತು, ಎಷ್ಟು ದೂರ, ಕಿಟಕಿ ತೆರೆದಿತ್ತೋ ಇಲ್ಲವೋ ಎಂದು ಬರೆದಿಟ್ಟ ಚೀಟಿ ಇದ್ದರೆ ಫೋನಿನಲ್ಲಿ ತೆಗೆದ ವಿಡಿಯೊಗೂ ಸ್ವಲ್ಪ ಬೆಲೆ ಬರುತ್ತದೆ.

ನಿಜವಾದ ತಮಾಷೆ ಹಿನ್ನೆಲೆ ಶಬ್ದದ್ದು. ಡಿಜೆ ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ ಅಳೆಯಬೇಕು. ಎರಡರ ಅಂತರ 3 ಡೆಸಿಬಲ್‌ಗಿಂತ ಕಡಿಮೆಯಿದ್ದರೆ ಸದ್ದು ಡಿಜೆಯದೋ ರಸ್ತೆಯದೋ ಹೇಳಲಾಗದು. ಮುಖ್ಯರಸ್ತೆಯ ವಾಹನಗಳದು 68, ಸ್ಪೀಕರಿನದು 67 ಇದ್ದರೆ ಕೂಡಿ ಆಗುವುದು 135 ಅಲ್ಲ, 70.5. ಅಂತರ ಎರಡೂವರೆ, ಸ್ಪೀಕರು ನಿರಪರಾಧಿ. ಕಳ್ಳ ಬಚ್ಚಿಟ್ಟುಕೊಳ್ಳಲು ಇನ್ನೊಬ್ಬ ಕಳ್ಳನ ಮನೆಯಷ್ಟು ಒಳ್ಳೆಯ ಜಾಗವಿಲ್ಲ.

ಇನ್ನು ಹಿನ್ನೆಲೆ ಅಳೆಯಬೇಕಾದರೆ ಡಿಜೆಯವನಿಗೇ "ಐದು ನಿಮಿಷ ನಿಲ್ಲಿಸಪ್ಪ" ಎನ್ನಬೇಕು. ಹೇಳುವ ಮೊದಲೇ ಅವನು ನಿಲ್ಲಿಸಿರುತ್ತಾನೆ. ತಿರುವಿನಲ್ಲಿ ಜೀಪಿನ ದೀಪ ಕಂಡ ಕೂಡಲೇ ಆಂಪ್ಲಿಫೈಯರಿನ ನಾಬ್ ಎಡಕ್ಕೆ ಹೊರಳಿ, ಹಾಡು ಸುಪ್ರಭಾತದ ಮಟ್ಟಕ್ಕೆ ಇಳಿದಿರುತ್ತದೆ. ಸ್ಟ್ಯಾಂಡು ಬಿಡಿಸಿ, ಟೋಪಿ ತೊಡಿಸಿ, 94 ನೋಡಿ, ಅಳೆದರೆ 54. ಮಿತಿಗಿಂತ ಒಂದು ಕಡಿಮೆ. ಅಂಕಿ ವಹಿಗೆ ಸೇರುತ್ತದೆ, ಮೀಟರು ಪೆಟ್ಟಿಗೆ ಸೇರುತ್ತದೆ. ಜೀಪು ಇನ್ನೂ ಎರಡನೇ ಗೇರಿನಲ್ಲಿರುವಾಗಲೇ ನಾಬ್ ಬಲಕ್ಕೆ ತಿರುಗುತ್ತದೆ, ನಿಂತಿದ್ದ ಹತ್ತು ನಿಮಿಷದ ಕೊಸರನ್ನೂ ಸೇರಿಸಿಕೊಂಡು.