ನೆಲದ ಮೇಲೆ ಮಲಗೋಕೂ ರಿಸರ್ವೇಶನ್

ಟಾಹೋ ಸರೋವರದ ದಡದಲ್ಲಿ ಒಂದು ರಾತ್ರಿ ಟೆಂಟು ಹಾಕಿ ನೆಲದ ಮೇಲೆ ಮಲಗಬೇಕು ಅಂತ ಆಸೆಯೇ? ತುಂಬ ಸಂತೋಷ. ಆದರೆ ಆರು ತಿಂಗಳು ಮೊದಲೇ ಆಸೆಪಡಬೇಕಿತ್ತು.

ಕ್ಯಾಲಿಫೋರ್ನಿಯಾ ರಾಜ್ಯದ ಪಾರ್ಕುಗಳಲ್ಲಿ ಕ್ಯಾಂಪಿಂಗ್ ಜಾಗದ ಬುಕಿಂಗ್ ಶುರುವಾಗುವುದು ಆರು ತಿಂಗಳು ಮುಂಚೆ, ಬೆಳಿಗ್ಗೆ ಸರಿಯಾಗಿ 8 ಗಂಟೆಗೆ. ಅಂದರೆ ಆಗಸ್ಟ್ 15ರ ರಾತ್ರಿ ನಕ್ಷತ್ರ ನೋಡಬೇಕೆಂದರೆ ಫೆಬ್ರವರಿ 15ರ ಬೆಳಿಗ್ಗೆ ಲ್ಯಾಪ್‌ಟಾಪ್ ನೋಡುತ್ತಾ ಕೂತಿರಬೇಕು. ಆ ಹೊತ್ತಿಗೆ ನೀವು ಬುಕ್ ಮಾಡುತ್ತಿರುವ ಜಾಗ ಹಿಮದ ಕೆಳಗೆ ಹೂತುಹೋಗಿರುತ್ತದೆ. ಇರಲಿ ಬಿಡಿ, ಜಾಗ ಇದೆ ಅಂತ ಸರ್ಕಾರ ಹೇಳಿದ ಮೇಲೆ ಇರಲೇಬೇಕಲ್ವಾ.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡಿಗರಿಗೆ ಇದೇನು ಹೊಸದಲ್ಲ. ತತ್ಕಾಲ್ ಟಿಕೆಟ್‌ನಲ್ಲಿ ಪಳಗಿದ ಬೆರಳುಗಳು. 7.55ಕ್ಕೇ ಮನೆಯಲ್ಲಿ ಮೂರು ಲ್ಯಾಪ್‌ಟಾಪ್, ಎರಡು ಫೋನು, ಎಲ್ಲದರಲ್ಲೂ ಲಾಗಿನ್. "ರೀ, ರಿಫ್ರೆಶ್ ಮಾಡ್ಬೇಡಿ, ಹೋಗ್ಬಿಡುತ್ತೆ!" ಅಂತ ಅಡುಗೆಮನೆಯಿಂದ ಕೂಗು. 8.00ಕ್ಕೆ ಒತ್ತಿದರೆ ಚಕ್ರ ತಿರುಗುತ್ತದೆ. 8.01ಕ್ಕೆ ಎಲ್ಲ ಖಾಲಿ. ಖಾಲಿ ಅಂದರೆ ಭರ್ತಿ.

ಇಷ್ಟು ಬೇಗ ಯಾರು ಕೊಂಡರು? ಇಲ್ಲಿದೆ ನೋಡಿ ಮಜಾ. ನಿಮಗೆ 15ರ ರಾತ್ರಿ ಒಂದೇ ಬೇಕು, ನೀವು ನಿಯತ್ತಾಗಿ ಫೆಬ್ರವರಿ 15ಕ್ಕೆ ಕಾದಿರಿ. ಬುದ್ಧಿವಂತರು ಫೆಬ್ರವರಿ 12ಕ್ಕೇ ಕೂತು, ಆಗಸ್ಟ್ 12ರಿಂದ ಶುರು ಮಾಡಿ 15, 16 ಎಲ್ಲ ಸೇರಿಸಿ ಒಂದೇ ಏಟಿಗೆ ಹೊಡೆದುಕೊಂಡಿದ್ದಾರೆ. ಮೊದಲ ರಾತ್ರಿಗೆ ಬುಕಿಂಗ್ ತೆರೆದರೆ ಸಾಕು, ಅದರ ಬಾಲದಲ್ಲಿರುವ ರಾತ್ರಿಗಳೂ ಜೊತೆಗೇ ಬರುತ್ತವೆ. ಅವರಿಗೆ 12, 13, 14 ಬೇಕೇ ಇಲ್ಲ. ಆಫೀಸು ಇದೆಯಲ್ಲ. ಆ ಮೂರು ರಾತ್ರಿಯ ಬಾಡಿಗೆ ಕಟ್ಟಿ, ಜಾಗವನ್ನು ಅಳಿಲುಗಳಿಗೆ ಬಿಟ್ಟುಕೊಡುತ್ತಾರೆ.

ಹಾಗಾಗಿ ವಾರದ ಮಧ್ಯೆ ಹೋಗಿ ನೋಡಿ. ಗೇಟಿನಲ್ಲಿ "ಭರ್ತಿ" ಅಂತ ಬೋರ್ಡು. ಒಳಗೆ ನಂಬರ್ ಹಾಕಿದ ಕಂಬ, ಅದಕ್ಕೆ ಸಿಕ್ಕಿಸಿದ ಚೀಟಿ, ಚೀಟಿಯಲ್ಲಿ ಹೆಸರು, ತಾರೀಖು. ಕಂಬದ ಹಿಂದೆ ಮರದ ಮೇಜು, ಬೆಂಕಿ ಹಾಕುವ ಕಬ್ಬಿಣದ ಬಳೆ, ಒಂದಿಷ್ಟು ಪೈನ್ ಕಾಯಿ. ಮನುಷ್ಯರಿಲ್ಲ. ಪಕ್ಕದ ಕಂಬದಲ್ಲೂ ಅಷ್ಟೇ. ಗೇಟಿನ ಹೊರಗೆ ಮಾತ್ರ ಮಕ್ಕಳನ್ನು ಕೂರಿಸಿಕೊಂಡ ಕಾರೊಂದು "ಏನಾದ್ರೂ ಇದ್ಯಾ ಸರ್?" ಅಂತ ಕೇಳುತ್ತಾ ನಿಂತಿರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿ ಪಾಪ ಒಳ್ಳೆಯವನೇ, ಕಂಪ್ಯೂಟರ್ ಕೊಡುವುದಿಲ್ಲ.

ಸರ್ಕಾರ ಸುಮ್ನೆ ಕೂತಿದೆ ಅನ್ನಬೇಡಿ. ಬುಕ್ ಮಾಡಿ ಬರದೇ ಇರುವವರ ಕಾಟಕ್ಕೆ ರಾಜ್ಯ 2023ರಲ್ಲಿ ಕಾನೂನನ್ನೇ ತಂದಿತು. ಒಳ್ಳೆಯದೇ. ಆದರೆ ಕಾನೂನು ಬಂದರೆ ಉಪಾಯ ಬರಲ್ವಾ? ಬಂದಿದ್ದೇವೆ ಅಂತ ತೋರಿಸೋಕೆ ಮೊದಲ ದಿನ ಗುಂಪಿನಲ್ಲಿ ರಜೆ ಇರುವ ಒಬ್ಬ ಹೋಗಿ ಟೆಂಟು ನೆಟ್ಟು ಬಂದರಾಯಿತು. ಟೆಂಟು ಮೂರು ದಿನ ಒಂಟಿಯಾಗಿ ಪ್ರಕೃತಿ ಸೌಂದರ್ಯ ಸವಿಯುತ್ತದೆ.

ನಮ್ಮ ರೈಲ್ವೆಯವರನ್ನು ಎಷ್ಟು ಬೈದಿದ್ದೇವೆ! ಟಿಕೆಟ್ ತೆಗೆದು ರದ್ದು ಮಾಡುವವರು, ತೆಗೆದೂ ಬರದವರು ಜಾಸ್ತಿಯಾದರು ಅಂತ ಅವರು 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿಯನ್ನು 120 ದಿನದಿಂದ 60ಕ್ಕೆ ಇಳಿಸಿದರು. ಪ್ರಪಂಚಕ್ಕೆಲ್ಲ ಸಾಫ್ಟ್‌ವೇರ್ ಮಾಡಿಕೊಡುವ ಕ್ಯಾಲಿಫೋರ್ನಿಯಾಗೆ ಇದು ಇನ್ನೂ ಹೊಳೆದಿಲ್ಲ. ಬದಲಿಗೆ, ಯಾರಾದರೂ ಜಾಗ ಕ್ಯಾನ್ಸಲ್ ಮಾಡಿದ ಕೂಡಲೇ ನಿಮ್ಮ ಫೋನಿಗೆ ಮೆಸೇಜು ಕಳಿಸಿ ಅದಕ್ಕೆ ದುಡ್ಡು ತಗೊಳ್ಳುವ ಕಂಪನಿಗಳು ಹುಟ್ಟಿಕೊಂಡಿವೆ. ಊರಲ್ಲಿ ಇವರಿಗೆ ಏಜೆಂಟ್ ಅಂತಿದ್ದೆವು. ಇಲ್ಲಿ ಸ್ಟಾರ್ಟಪ್.

ಅಂತೂ ಜಾಗ ಸಿಕ್ಕಿತು ಅನ್ನಿ. ಆಗಸ್ಟ್ ಬಂತು. ಬೇಸಿಗೆ ಒಣಗಿದೆ, ಕ್ಯಾಂಪ್‌ಫೈರ್ ನಿಷೇಧ! ಕಬ್ಬಿಣದ ಬಳೆಯ ಸುತ್ತ ಕುರ್ಚಿ ಹಾಕಿಕೊಂಡು ಇಲ್ಲದ ಬೆಂಕಿಯನ್ನು ನೋಡುತ್ತಾ ಕೂರಬೇಕು. ಇದಕ್ಕೆ ನಗುವ ಹಾಗಿಲ್ಲ ಬಿಡಿ, 2021ರ ಆಗಸ್ಟಿನಲ್ಲಿ ಕಾಲ್ಡೋರ್ ಕಾಳ್ಗಿಚ್ಚು ಬಂದು ಸೌತ್ ಲೇಕ್ ಟಾಹೋ ಊರನ್ನೇ ಖಾಲಿ ಮಾಡಿಸಿದ್ದರು. ನನ್ನ ತಕರಾರು ನಿಷೇಧದ ಮೇಲಲ್ಲ. ಆಗಸ್ಟಿನ ಹೊಗೆಯನ್ನು ಫೆಬ್ರವರಿಯಲ್ಲೇ ಊಹಿಸಿ ದುಡ್ಡು ಕಟ್ಟು ಅನ್ನುವ ಪದ್ಧತಿಯ ಮೇಲೆ.

ನಮ್ಮವರ ಕ್ಯಾಂಪಿಂಗ್ ಬಗ್ಗೆಯೂ ಒಂದು ಮಾತು. ಎಲ್ಲ ಬಿಟ್ಟು ಪ್ರಕೃತಿಗೆ ಮರಳುತ್ತೇವೆ ಅಂತ ಹೊರಟವರ ವ್ಯಾನಿನಿಂದ ಎರಡು ಬರ್ನರ್ ಒಲೆ, ಕುಕ್ಕರ್, ಪುಳಿಯೋಗರೆ ಗೊಜ್ಜು, ಚಕ್ಕುಲಿ ಡಬ್ಬ, ಮೊಸರಿನ ಬಕೆಟ್ ಇಳಿಯುತ್ತವೆ. ಆಮೇಲೆ ರೇಂಜರ್ ಬಂದು, ವಾಸನೆ ಬರುವುದೆಲ್ಲ ಕರಡಿಪೆಟ್ಟಿಗೆಗೆ, ಅಂದರೆ ಕರಡಿಗೆ ತೆಗೆಯಲಾಗದ ಕಬ್ಬಿಣದ ಪೆಟ್ಟಿಗೆಗೆ, ಅಂತಾನೆ. ತುಪ್ಪ ಸರಿ, ಟೂತ್‌ಪೇಸ್ಟೂ ಒಳಗೆ, ಸನ್‌ಸ್ಕ್ರೀನೂ ಒಳಗೆ. ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದು ಅಂತ ನಿಯಮ, ಆದರೆ ಹತ್ತೂಕಾಲಿಗೆ ಮಗುವಿಗೆ ಬಿಸ್ಕತ್ತು ಬೇಕು. ಆ ಕಬ್ಬಿಣದ ಬಾಗಿಲು ಢಣ್ ಅಂದರೆ ಇಡೀ ಕ್ಯಾಂಪು ಎದ್ದು ಕೂರುತ್ತದೆ.

ಈ ವ್ಯವಸ್ಥೆಯನ್ನು ಸರಿಯಾಗಿ ಅರ್ಥಮಾಡಿಕೊಂಡದ್ದು ಕರಡಿಗಳೇ. ಸೌತ್ ಲೇಕ್ ಟಾಹೋದಲ್ಲಿ ಮನೆಗಳಿಗೆ ನುಗ್ಗಿ ತಿನ್ನುತ್ತಿದ್ದ ಕರಡಿಗೆ ಜನ "ಹ್ಯಾಂಕ್ ದಿ ಟ್ಯಾಂಕ್" ಅಂತ ಹೆಸರಿಟ್ಟರು. ಎಲ್ಲ ಒಂದೇ ಕರಡಿಯ ಕೆಲಸ ಅಂತ ದೂರು. 2022ರಲ್ಲಿ ಡಿಎನ್‌ಎ ನೋಡಿದರೆ ಕನಿಷ್ಠ ಮೂರು ಕರಡಿ! ಒಂದೇ ಹೆಸರಿನಲ್ಲಿ ಮೂರು ಜನ ಉಳಿದುಕೊಂಡಿದ್ದರು, ಗ್ರೂಪ್ ಬುಕಿಂಗ್. 2023ರಲ್ಲಿ ಅದರಲ್ಲೊಂದು ಸಿಕ್ಕಿಬಿದ್ದಾಗ ಹ್ಯಾಂಕ್ ಹೆಣ್ಣು ಅಂತಲೂ ಗೊತ್ತಾಯಿತು. ಶಿಕ್ಷೆ ಏನಪ್ಪಾ ಅಂದರೆ, ಕೊಲೊರಾಡೋದ ಪ್ರಾಣಿಧಾಮದಲ್ಲಿ ಜಾಗ. ಊಟ ಸೇರಿ, ಬಾಡಿಗೆ ಇಲ್ಲ, ಚೆಕ್‌ಔಟ್ ಇಲ್ಲ, ಬೆಳಿಗ್ಗೆ 8 ಗಂಟೆಗೆ ಏಳುವ ಹಂಗೂ ಇಲ್ಲ.