ಶಾಂತಿನಿಕೇತನದ ಶಾಲೆ ಕಟ್ಟಿದ್ದು ನೊಬೆಲ್ ದುಡ್ಡಿನಿಂದಲ್ಲ

"ರವೀಂದ್ರನಾಥ ಟಾಗೋರರು ನೊಬೆಲ್ ಬಹುಮಾನದ ಹಣದಲ್ಲಿ ಶಾಂತಿನಿಕೇತನದ ಶಾಲೆ ಕಟ್ಟಿಸಿದರು" ಎಂಬ ಸಂದೇಶ ಮತ್ತೆ ಓಡಾಡುತ್ತಿದೆ. ಓದಲು ಚೆನ್ನಾಗಿದೆ, ಆದರೆ ಲೆಕ್ಕ ತಾಳೆಯಾಗುವುದಿಲ್ಲ. ಶಾಲೆ ಶುರುವಾಗಿದ್ದು 1901ರ ಡಿಸೆಂಬರ್‌ನಲ್ಲಿ. ನೊಬೆಲ್ ಬಂದಿದ್ದು 1913ರಲ್ಲಿ. ನಡುವಿನ ಅಷ್ಟೂ ವರ್ಷ ಶಾಲೆ ಗಾಳಿ ಕುಡಿದು ಬದುಕಿತ್ತಾ?

ಮೊದಲಿಗೆ ಇದ್ದದ್ದು ಬೆರಳೆಣಿಕೆಯ ಮಕ್ಕಳು. ಕವಿಯ ಮಗ ರಥೀಂದ್ರನಾಥ ಅವರಲ್ಲೊಬ್ಬ. ಪಾಠ ಮರದಡಿ ನಡೆಯುತ್ತಿತ್ತು, ಆದರೂ ಖರ್ಚು ತಪ್ಪಲಿಲ್ಲ. ಹೆಂಡತಿ ಮೃಣಾಲಿನಿ ತಮ್ಮ ಒಡವೆ ಬಿಚ್ಚಿಕೊಟ್ಟರು. ಟಾಗೋರರು ಪುರಿಯಲ್ಲಿದ್ದ ಮನೆ ಮಾರಿದರು. ಆ ಒಡವೆಯ ಬಗ್ಗೆ ಸಂದೇಶದಲ್ಲಿ ಒಂದು ಸಾಲೂ ಇಲ್ಲ, ನನಗೆ ಜಾಸ್ತಿ ಬೇಜಾರಾಗಿದ್ದು ಅದಕ್ಕೇ.

ಹಾಗಾದರೆ ನೊಬೆಲ್ ದುಡ್ಡು ಎಲ್ಲಿಗೆ ಹೋಯಿತು? ಪತಿಸರದ ಕೃಷಿ ಬ್ಯಾಂಕಿಗೆ. ಆ ಊರು ಈಗ ಬಾಂಗ್ಲಾದೇಶದಲ್ಲಿದೆ. ಸಾಹುಕಾರರ ಬಡ್ಡಿಗೆ ಸಿಕ್ಕಿ ಒದ್ದಾಡುತ್ತಿದ್ದ ರೈತರಿಗೆ ಸಾಲ ಕೊಡಲು 1905ರಲ್ಲಿ ಟಾಗೋರರೇ ತೆರೆದ ಬ್ಯಾಂಕ್ ಅದು. ಅಸಲು ರೈತರ ಸಾಲಕ್ಕೆ, ಅದರ ಬಡ್ಡಿ ಶಾಲೆಗೆ. ಸಂದೇಶದಲ್ಲಿರುವ ನಿಜ ಇಷ್ಟೇ. ಮುಂದೆ ಸಾಲ ವಸೂಲಾಗದೆ ಬ್ಯಾಂಕ್ ಮುಳುಗಿತು, ಅಸಲೂ ಹೋಯಿತು.

"ಅದು ಉಳ್ಳವರ ಮಕ್ಕಳ ಶಾಲೆ" ಅನ್ನೋದು ಇನ್ನೊಂದು ಮಾತು. ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ 1924ರಲ್ಲಿ ಹಳ್ಳಿಯ ಬಡ ಮಕ್ಕಳಿಗೆಂದೇ ಶಿಕ್ಷಾಸತ್ರ ಎಂಬ ಇನ್ನೊಂದು ಶಾಲೆ ಶುರು ಮಾಡಿದ್ದೂ ಅವರೇ ಅಲ್ವಾ? ಅಲ್ಲಿ ತೋಟದ ಕೆಲಸ, ಕೈಕಸುಬು ಎರಡೂ ಪಾಠವೇ ಆಗಿದ್ದವು.